ಎಡಗಡೆಯ ದನಿ

ಸಾಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ನಾನೊಬ್ಬಳೇ ಇರುವುದು. ಮೊದಲು ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಪ್ರೆಸ್ಸು ಮುಚ್ಚಿದ ಮೇಲೆ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ಧ್ವನಿಮುದ್ರಣಗಳನ್ನು ಕೇಳಿ ಟೈಪು ಮಾಡುವ ಕೆಲಸ ಹಿಡಿದೆ. ಮೈಸೂರಿನ ಒಬ್ಬ ಸಂಶೋಧಕಿ ಹೊಸನಗರದ ಕಡೆಯ ಹಿರಿಯರನ್ನು ಮಾತಾಡಿಸಿ, ಅಣೆಕಟ್ಟಿನ ನೀರು ಏರಿದಾಗ ಅವರು ಊರು ಬಿಟ್ಟು ಬಂದದ್ದನ್ನು ರೆಕಾರ್ಡ್ ಮಾಡಿ ನನಗೆ ಕಳಿಸುತ್ತಿದ್ದರು. ಅವರದು ಎರಡು ಮೈಕು. ಹೆಡ್‌ಫೋನ್ ಹಾಕಿಕೊಂಡರೆ ಎಡಕ್ಕೆ ಅವರ ಪ್ರಶ್ನೆ, ಬಲಕ್ಕೆ ಹಿರಿಯರ ಉತ್ತರ. ಇಬ್ಬರ ನಡುವೆ ಮಣೆ ಹಾಕಿಕೊಂಡು ಕೂತ ಹಾಗಿರುತ್ತಿತ್ತು. ಎಷ್ಟೋ ದಿನ ನನ್ನ ಮನೆಯಲ್ಲಿ ಕೇಳುತ್ತಿದ್ದ ಮಾತು ಅಷ್ಟೇ.

ಒಂದು ಬೆಳಿಗ್ಗೆ ಹೊಸ ಫೈಲು ತೆರೆದೆ. ಮುದುಕಿಯೊಬ್ಬಳು ಮಾತಾಡುತ್ತಿದ್ದಳು. "ಇಲ್ಲ, ಅವತ್ತು ಒಲೆ ಹಚ್ಚಲೇ ಇಲ್ಲ" ಅಂದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಬೆಕ್ಕು ಬರ್ಲಿಲ್ಲ. ಕರ್ದೆ, ಬರ್ಲಿಲ್ಲ." ಮತ್ತೆ ಮೌನ. ಪ್ರಶ್ನೆಗಳು ಇರಲೇ ಇಲ್ಲ. ಸಂಶೋಧಕಿಗೆ ಫೋನ್ ಮಾಡಿ, "ನಿಮ್ಮ ದನಿ ರೆಕಾರ್ಡ್ ಆಗಿಲ್ಲ" ಎಂದೆ.

"ಇಲ್ಲಿ ಇಬ್ಬರದೂ ಚೆನ್ನಾಗಿ ಕೇಳಿಸ್ತಿದೆಯಲ್ಲ. ಒಂದ್ಸಲ ನಿಮ್ಮ ಕಂಪ್ಯೂಟರ್ ನೋಡಿ" ಎಂದರು.

ನೋಡಿದೆ. ಸೆಟ್ಟಿಂಗಿಗೆ ಹೋಗಿ ಎಡ ಬಲದ ಬ್ಯಾಲೆನ್ಸ್ ನೋಡಿದರೆ ಎರಡೂ ಸಮವಾಗಿದ್ದವು. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ಹೆಡ್‌ಫೋನ್ ಕಿತ್ತು ಮೇಜಿನ ಸ್ಪೀಕರಿನಲ್ಲಿ ಹಾಕಿದರೆ ಇಬ್ಬರೂ ಮಾತಾಡಿದರು. ಹಾಗಾದರೆ ಹೆಡ್‌ಫೋನೇ ಕೆಟ್ಟಿದೆ ಅಂದುಕೊಂಡು ಪೇಟೆಗೆ ಹೋಗಿ ಹೊಸದು ತಂದೆ. ಅದರಲ್ಲೂ ಮುದುಕಿ ಮಾತ್ರ. ಸ್ಪೀಕರಿನಲ್ಲೇ ಕೆಲಸ ಮುಗಿಸಬಹುದಿತ್ತು. ಆದರೆ ಹಲ್ಲಿಲ್ಲದ ಬಾಯಿಯ ಮಾತು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಮಾರನೇ ದಿನ ಕಂಪ್ಯೂಟರನ್ನು ಹೆಡ್‌ಫೋನ್ ಸಮೇತ ಆಟೋದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವರು ಕಿವಿಗೆ ಹಾಕಿಕೊಂಡು ಕೇಳಿದರು. "ಎರಡೂ ಕಡೆ ಬರ್ತಾ ಇದೆ ಮೇಡಂ."

ನಾನೂ ಹಾಕಿಕೊಂಡೆ. ಹೊರಗೆ ಲಾರಿ, ಬಸ್ಸಿನ ಗಲಾಟೆ. ಅದರಿಂದ ಗೊತ್ತಾಗುತ್ತಿಲ್ಲ ಅಂದುಕೊಂಡು ತಲೆಯಾಡಿಸಿ ವಾಪಸು ತಂದೆ.

ಮನೆಯಲ್ಲಿ ಎಲ್ಲವನ್ನೂ ಜೋಡಿಸಿ, ಅವಸರದಲ್ಲಿ ಹೆಡ್‌ಫೋನನ್ನು ತಿರುಗಾಮುರುಗಾ ಹಾಕಿಕೊಂಡೆ. "ಅವತ್ತು ಮನೆಯಲ್ಲಿ ಅಡುಗೆ ಮಾಡಿದ್ರಾ?" ಎಂದು ಸಂಶೋಧಕಿ ಕೇಳಿದರು. ಮುದುಕಿ ಏನೂ ಹೇಳಲಿಲ್ಲ. "ಬೆಕ್ಕನ್ನ ಕರ್ಕೊಂಡು ಬಂದ್ರಾ?" ಅದಕ್ಕೂ ಉತ್ತರವಿಲ್ಲ. ಹೆಡ್‌ಫೋನ್ ನೆಟ್ಟಗೆ ಮಾಡಿದೆ. ಮುದುಕಿ ಮಾತಾಡಿದಳು, ಸಂಶೋಧಕಿ ಸುಮ್ಮನಾದರು.

ಮಧ್ಯಾಹ್ನದ ಬಿಸಿಲು ಕೀಬೋರ್ಡಿನ ಮೇಲಿತ್ತು. ಹೆಡ್‌ಫೋನ್ ತೆಗೆದಿಟ್ಟೆ. ಆಮೇಲೆ ತೀರ್ಥಹಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಯಾವತ್ತೂ ಹಿಡಿಯದ ಎಡಗಿವಿಗೆ ಹಿಡಿದೆ. ರಿಂಗ್ ಆಗಿದ್ದೂ ತಿಳಿಯಲಿಲ್ಲ. ಬಲಕ್ಕೆ ಬದಲಿಸಿದಾಗ ಅಕ್ಕ ಆಗಲೇ ಕೂಗುತ್ತಿದ್ದಳು.

"ಎಂತ ಮಾರಾಯ್ತಿ, ಫೋನ್ ಮಾಡಿ ಸುಮ್ನೆ ಕೂತಿದೀಯಲ್ಲ?"

"ಸಿಗ್ನಲ್ ಸರಿ ಇರ್ಲಿಲ್ಲ" ಎಂದೆ. "ಊಟ ಆಯ್ತಾ?"

ಅವಳು ಊಟದ ವಿಷಯ ಹೇಳಿದಳು. ನಾನೂ ಹೇಳಿದೆ.

ಮರುದಿನ ಶಿವಮೊಗ್ಗದ ಬಸ್ಸು ಹತ್ತಿದೆ. ಆನಂದಪುರ ದಾಟಿದ ಮೇಲೆ ಎಡಗಡೆ ಕೂತಿದ್ದ ಹೆಂಗಸು ನನ್ನ ಮೊಣಕೈ ತಟ್ಟಿದಳು. ಮುಖ ಸ್ವಲ್ಪ ಸಿಡುಕಾಗಿತ್ತು.

"ಆಗಿಂದ ಕೇಳ್ತಾ ಇದೀನಿ. ಕಿಟಕಿ ಹಾಕ್ತೀರಾ ಅಂತ."

"ಆ ಕಿವಿ ಕೇಳಲ್ಲ" ಎಂದೆ.

ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಿಟಕಿ ಹಾಕುವ ನೆಪದಲ್ಲಿ ಆಚೆ ತಿರುಗಿದೆ. ಅವಳು ಮತ್ತೆ ತಟ್ಟಿ, ಮುಖ ನನ್ನೆದುರಿಗೆ ತಂದು, "ನೀವು ಈಚೆ ಬನ್ನಿ, ನಾನು ಕಿಟಕಿ ಹತ್ರ ಕೂರ್ತೀನಿ" ಎಂದಳು. ಜಾಗ ಬದಲಿಸಿಕೊಂಡೆವು. ಶಿವಮೊಗ್ಗ ಬರುವವರೆಗೂ ಅವಳು ತನ್ನ ಮಂಡಿನೋವಿನ ಕತೆ ಹೇಳಿದಳು. ಅಷ್ಟನ್ನೂ ಕೇಳಿಸಿಕೊಂಡೆ.

ಕಿವಿಯ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿದರು. "ಯಾವಾಗಿನಿಂದ?" ಎಂದರು.

"ಕಂಪ್ಯೂಟರಿನಿಂದ ಗೊತ್ತಾಯ್ತು. ಅದಕ್ಕೂ ಮುಂಚೆ ಕೆಲವು ದಿನ ಗುಂಯ್ ಅಂತಿತ್ತು. ನೆಗಡಿ ಅಂದುಕೊಂಡೆ. ಆಗ ಕೈಯಲ್ಲಿ ಬೇರೆ ಕೆಲಸವೂ ಇರಲಿಲ್ಲ, ಹೆಡ್‌ಫೋನ್ ಹಾಕಿರಲಿಲ್ಲ."

"ಮನೆಯಲ್ಲಿ ಯಾರೂ ಗಮನಿಸಲಿಲ್ವಾ? ಕರೆದರೆ ಓಗೊಡ್ತಾ ಇಲ್ಲ ಅಂತ?"

"ಮನೇಲಿ ನಾನೊಬ್ಳೇ ಸಾರ್."

ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನು ನೋಡಿ, ಮತ್ತೆ ಬರೆದರು. ಶುರುವಿನಲ್ಲೇ ಬಂದಿದ್ದರೆ ಔಷಧಿ ಚೆನ್ನಾಗಿ ಹಿಡಿಯುತ್ತಿತ್ತಂತೆ. ಈಗಲೂ ಪ್ರಯತ್ನ ಮಾಡೋಣ ಎಂದರು. ಮಾತ್ರೆ ನುಂಗಿದೆ, ಇಂಜೆಕ್ಷನ್ನೂ ಆಯಿತು. ಎಡಗಿವಿಗೆ ಮರಳಿದ್ದು ಸ್ವಲ್ಪವೇ: ಬಾಗಿಲು ದಡಾರನೆ ಬಡಿದರೆ ದೂರದಲ್ಲೆಲ್ಲೋ ಬಡಿದ ಹಾಗೆ ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ಅಕ್ಕನಿಗೆ ಎಲ್ಲ ಮುಗಿದ ಮೇಲೆ ಹೇಳಿದೆ. ಬೈದಳು, ಅತ್ತಳು, ತೀರ್ಥಹಳ್ಳಿಗೇ ಬಂದುಬಿಡು ಎಂದಳು. ಬರುವುದಿಲ್ಲ ಎಂದೆ.

ಸಂಶೋಧಕಿಗೂ ವಿಷಯ ಹೇಳಿದಾಗ ಅವರು ಒಂದು ಉಪಾಯ ಹೇಳಿಕೊಟ್ಟರು. ಕಂಪ್ಯೂಟರಿನಲ್ಲಿ ಮೋನೋ ಎಂಬ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ ಎರಡು ಕಡೆಯ ದನಿಯೂ ಕೂಡಿ ಒಂದಾಗಿ ಬರುತ್ತದೆ. ಈಗ ಪ್ರಶ್ನೆಯೂ ಉತ್ತರವೂ ಬಲಗಿವಿಗೇ. ಕೆಲಸ ನಿಲ್ಲಲಿಲ್ಲ, ಆ ಮುದುಕಿಯ ಕಥೆಯನ್ನು ಪೂರ್ತಿ ಟೈಪು ಮಾಡಿ ಕಳಿಸಿದೆ. ಆದರೆ ನಡುವೆ ಕೂತ ಹಾಗೆ ಈಗ ಅನ್ನಿಸುವುದಿಲ್ಲ. ಅವರಿಬ್ಬರೂ ಎಲ್ಲೋ ಒಂದೇ ಕಡೆ ಕೂತು ಮಾತಾಡುತ್ತಾರೆ, ನಾನು ಬಾಗಿಲಾಚೆ ನಿಂತು ಕೇಳುತ್ತೇನೆ.

ಒಂದೇ ಕಿವಿಯಿದ್ದರೆ ದನಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ, ಅದನ್ನು ಡಾಕ್ಟರು ಮೊದಲೇ ಹೇಳಿದ್ದರು. ಸಂತೆಯ ದಿನ ಪೇಟೆಯಲ್ಲಿ ಯಾರಾದರೂ "ರೀ, ನಿಲ್ಲಿ" ಅಂದರೆ ಚೀಲ ಹಿಡಿದುಕೊಂಡು ಒಂದು ಪೂರ್ತಿ ಸುತ್ತು ತಿರುಗಿ ನೋಡುತ್ತೇನೆ. ಹೆಚ್ಚಿನ ಸಲ ಅವರು ಕರೆದದ್ದು ಬೇರೆ ಯಾರನ್ನೋ ಆಗಿರುತ್ತದೆ.