ಅಣ್ಣನ ಸಾಲಿಗೆ ನೀರು

ಅಣ್ಣನನ್ನು ಮಣ್ಣು ಗುಣಪಡಿಸಿತು ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಮಣ್ಣು ಬಿಟ್ಟು, ಚೀಲ ಹೆಗಲಿಗೇರಿಸಿ ಕುಡಿಯಲು ಹೋದವರನ್ನೂ ನಾನು ನೋಡಿದ್ದೇನೆ. ಅವರಲ್ಲಿ ಅಣ್ಣನೂ ಒಬ್ಬ.

ಎಂಬತ್ತರ ದಶಕದ ಆರಂಭ. ನಾನು ಮಣಿಪಾಲದಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಯಾವಾಗಲೂ ವಿರೋಧ ಪಕ್ಷ. ಅಣ್ಣ ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಕುಡಿತದಿಂದ ಕೆಲಸ ಕಳೆದುಕೊಂಡು ಕಟಪಾಡಿ ಹತ್ತಿರದ ಮಟ್ಟು ಎಂಬ ಊರಿನ ಒಂದು ತೋಟ ಸೇರಿದ್ದ. ನರ್ಸ್ ಕೆಲಸದಿಂದ ನಿವೃತ್ತರಾದ ಕೊಂಕಣಿ ಹೆಂಗಸೊಬ್ಬರು ಅದನ್ನು ನಡೆಸುತ್ತಿದ್ದರು. ಎಲ್ಲರಿಗೂ ಅವರು ಬಾಯಮ್ಮ. ಕುಡಿತ ಬಿಡಲು ಬಂದವರು, ಮನಸ್ಸು ಕೆಟ್ಟು ಮನೆಯವರಿಗೆ ಬೇಡವಾದವರು, ಹೀಗೆ ಏಳೆಂಟು ಮಂದಿ ಅಲ್ಲೇ ಉಂಡು ಮಲಗಿ ಗುಳ್ಳ ಬದನೆ ಬೆಳೆಯುತ್ತಿದ್ದರು. ಗೇಟಿಗೆ ಬೀಗ ಇರಲಿಲ್ಲ. ಆದರೆ ಒಬ್ಬೊಬ್ಬನಿಗೆ ಒಂದು ಸಾಲು. ಜ್ವರ ಬಂದು ಮಲಗಿದರೆ ಬಿಟ್ಟು, ಒಬ್ಬನ ಸಾಲಿಗೆ ಇನ್ನೊಬ್ಬ ನೀರು ಹಾಕುವಂತಿರಲಿಲ್ಲ.

ಒಂದು ಭಾನುವಾರ ನಾನು ಹೋದಾಗ ಅಣ್ಣ ಇರಲಿಲ್ಲ. ಹಿಂದಿನ ದಿನ ಬೆಳಿಗ್ಗೆಯೇ ಹೊರಟುಹೋಗಿದ್ದನಂತೆ. ಕಟಪಾಡಿಯ ಸಾರಾಯಿ ಅಂಗಡಿಯಲ್ಲಿ ಕಂಡವರಿದ್ದರು. ಹೊಸದಾಗಿ ನೆಟ್ಟ ಅವನ ಸಸಿಗಳು ಮರಳು ಮರಳಾದ ಹೊಯ್ಗೆ ಮಣ್ಣಿನ ಮೇಲೆ ಕತ್ತು ಚೆಲ್ಲಿದ್ದವು. ನಾನು ಕೊಡ ಎತ್ತಿಕೊಂಡೆ. ಬಾಯಮ್ಮ ತಡೆದರು.

"ಗಿಡದ್ದು ಎಂತ ತಪ್ಪು?" ಎಂದೆ.

"ಗಿಡದ್ದು ತಪ್ಪಿಲ್ಲ ಮಾರಾಯ್ತಿ. ನೀನು ನೀರು ಹಾಕಿದರೆ ಅವನಿಗೆ ವಾಪಸು ಬರಲಿಕ್ಕೆ ಇಲ್ಲಿ ಎಂತ ಉಂಟು?"

ಮನುಷ್ಯನನ್ನು ಹಿಡಿಯಲು ಗಿಡವನ್ನು ಒತ್ತೆ ಇಡುವುದು ಯಾವ ನ್ಯಾಯ ಎಂದು ವಾದ ಹೂಡಿದೆ. ಅವರು ಕೊಡ ಕಿತ್ತುಕೊಂಡರು.

ಸಿಟ್ಟಿನಲ್ಲೇ ಕಟಪಾಡಿಗೆ ನಡೆದೆ. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದಂತೆ ಸಾರಾಯಿ ಅಂಗಡಿಯ ಬಾಗಿಲಲ್ಲಿ ನಿಂತೆ. ಅಮ್ಮನ ಕಣ್ಣೀರು, ಮನೆಯ ಮರ್ಯಾದೆ, ಅವನ ಲಿವರ್, ಎಲ್ಲವನ್ನೂ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ನಿನ್ನ ಸಸಿ ಸಾಯ್ತಾ ಉಂಟು. ಯಾರೂ ನೀರು ಹಾಕುದಿಲ್ಲವಂತೆ."

"ಹಾಕಬಾರದು. ಅದು ನನ್ನ ಸಾಲಲ್ವಾ," ಎಂದ ಅಣ್ಣ.

ಗ್ಲಾಸು ಖಾಲಿ ಮಾಡಿಯೇ ಎದ್ದ. ಆದರೆ ಎದ್ದ. ದಾರಿಯುದ್ದಕ್ಕೂ ತೂರಾಡಿದ, ನನಗೆ ಕೈ ಹಿಡಿಯಲು ಬಿಡಲಿಲ್ಲ.

ತೋಟ ಮುಟ್ಟುವಾಗ ಸಂಜೆ. ಸಾಲಿನ ಆಚೆ ತುದಿಯ ಸಸಿಗಳು ಸುಟ್ಟುಹೋಗಿದ್ದವು. ಬಾವಿಯ ಕಡೆಯ ಹತ್ತು ಹನ್ನೆರಡು ಸಸಿಗಳ ಬುಡ ಮಾತ್ರ ಒದ್ದೆಯಾಗಿತ್ತು. ಅಣ್ಣನಿಗೆ ಅದನ್ನು ಗಮನಿಸುವ ಸ್ಥಿತಿ ಇರಲಿಲ್ಲ. ಕೊಡ ತುಂಬಿಸಿ ತಂದು, ಸತ್ತವಕ್ಕೂ ಸೇರಿಸಿ ಹೊಯ್ದ. ಬಾಯಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಆಮೇಲೂ ಅವನು ಎರಡು ಸಲ ಕುಡಿತಕ್ಕೆ ಬಿದ್ದ. ಎರಡು ಸಲವೂ ಯಾರೂ ಕರೆಯದೆ ತಾನೇ ನಡೆದು ಬಂದ. ಮಣ್ಣು ಅವನನ್ನು ಹೊತ್ತು ತರಲಿಲ್ಲ, ನಡೆದದ್ದು ಅವನ ಕಾಲು. ಇದು ನನ್ನ ವಾದ, ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಆ ಒದ್ದೆ ಬುಡಗಳನ್ನು ಈ ವಾದದಲ್ಲಿ ಎಲ್ಲಿ ಇಡುವುದೆಂದು ಗೊತ್ತಾಗದೆ, ಆ ವರ್ಷದ ಮೊದಲ ಕೊಯ್ಲಿನ ದಿನ ಬಾಯಮ್ಮನ ಪಕ್ಕ ಕೂತಿದ್ದೆ. ಮುಳ್ಳು ಚುಚ್ಚದಂತೆ ತೊಟ್ಟು ಹಿಡಿದು ಅವರು ಗುಳ್ಳಗಳನ್ನು ಬುಟ್ಟಿಗೆ ಇಳಿಸುತ್ತಿದ್ದರು. ಕೇಳಿಯೇಬಿಟ್ಟೆ:

"ಆವತ್ತು ಅಣ್ಣನ ಸಾಲಿಗೆ ನೀರು ಹಾಕಿದ್ದು ನೀವಲ್ವಾ?"