ಫ್ರೆಂಚಿನಲ್ಲಿ ನಮ್ಮ ಯಜಮಾನರು

ಮಗಳು ಶಾಲೆಯಲ್ಲಿ ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಳು. ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯಲ್ಲಿ ರಿಟೈರಾದ ಫ್ರೆಂಚ್ ಟೀಚರೊಬ್ಬರಿದ್ದರು. ಶನಿವಾರ ನನಗೂ ಆಫೀಸಿಲ್ಲವಲ್ಲ, ಮಗಳ ಜೊತೆ ನಾನೂ ಪಾಠಕ್ಕೆ ಹೋಗಿ ಕೂತೆ. ಉಳಿದವರೆಲ್ಲ ಅವಳ ವಯಸ್ಸಿನ ಮಕ್ಕಳು.

ಅವತ್ತು 'ನನ್ನ', 'ನಿನ್ನ'ಗಳ ಪಾಠ. 'ನನ್ನ' ಅನ್ನುವುದಕ್ಕೇ ಮೂರು ಮಾತು: ಗಂಡು ಪದಕ್ಕೆ 'ಮೋಂ', ಹೆಣ್ಣು ಪದಕ್ಕೆ 'ಮಾ', ಹಲವಿದ್ದರೆ 'ಮೆ'. ಪುಸ್ತಕ ಗಂಡಂತೆ, ಕುರ್ಚಿ ಹೆಣ್ಣಂತೆ. ಅವುಗಳ ಒಡೆಯ ಗಂಡೋ ಹೆಣ್ಣೋ, ಯಾರೂ ಕೇಳುವುದಿಲ್ಲ. ಆ ದೇಶದಲ್ಲಿ ಸಾಮಾನಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ ಅಂದುಕೊಂಡೆ.

ಮನೆಯವರನ್ನು ಪರಿಚಯಿಸಿ ಎಂದರು ಟೀಚರ್. ನಾನು ಎದ್ದು ನಿಂತು ಧೈರ್ಯವಾಗಿ "ನೋತ್ರ್ ಮರಿ" ಎಂದು ಶುರುಮಾಡಿದೆ. ಫ್ರೆಂಚಿನಲ್ಲಿ 'ಮರಿ' ಎಂದರೆ ಗಂಡ, 'ನೋತ್ರ್' ಎಂದರೆ ನಮ್ಮ. ಮದುವೆಯಾದಾಗಿನಿಂದ 'ನಮ್ಮ ಯಜಮಾನರು' ಅಂದೇ ರೂಢಿ. ಇಲ್ಲೂ ಅದೇ ಬಂತು.

ಟೀಚರ್ ಕನ್ನಡಕ ಕೆಳಗಿಳಿಸಿ ನೋಡಿದರು. "ನಮ್ಮ ಗಂಡನೇ? ಮತ್ತೆ ಯಾರ್ಯಾರು ಪಾಲುದಾರರು?"

ಮಕ್ಕಳೆಲ್ಲ ಹೋ ಎಂದು ನಕ್ಕರು. ಮಗಳು ನೋಟ್‌ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡು, ಮಾನವೇ ಹೋಯಿತೆಂದು ಇಲ್ಲಿಯ ತಮಿಳಿನಲ್ಲಿ ಗೊಣಗಿದಳು. "ಐಯೋ ಅಮ್ಮಾ, ಮಾನಮೇ ಪೋಚ್ಚು!"

ಕೆಳಗೆ ಬಂದದ್ದೇ ತಡ, ಅಪ್ಪನಿಗೆ ವರದಿ ಒಪ್ಪಿಸಿದಳು. ರೈಲ್ವೆ ಕಚೇರಿಯಲ್ಲಿ ದಿನವಿಡೀ ಬೈಸಿಕೊಳ್ಳುವ ಅವರು ಪೇಪರ್ ಮಡಿಸಿಟ್ಟು, "ಪರವಾಗಿಲ್ಲ, ಫ್ರೆಂಚಿನಲ್ಲಾದರೂ ನನಗೆ ಡಿಮ್ಯಾಂಡ್ ಇದೆ" ಎಂದು ಮೀಸೆ ತೀಡಿದರು.

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಏನಂದೆ? ಇನ್ನೊಂದ್ಸಲ ಹೇಳು."

"ನೋತ್ರ್ ಮರಿ, ಅತ್ತೆ. ನಮ್ಮ ಗಂಡ ಅಂತ ಆಗೋಯ್ತು."

"ಮರಿನಾ? ಸರಿಯಾಗೇ ಇದೆಯಲ್ಲೇ! ಹತ್ತು ವರ್ಷದವನಾಗೋವರೆಗೂ ನಾನು ಇವನನ್ನ ಕರೀತಿದ್ದದ್ದೇ ಮರಿ ಅಂತ. ಇನ್ನೊಬ್ಬ ಪಾಲುದಾರಳು ಮನೇಲೇ ಇದ್ದಾಳೆ ಅಂತ ನಿಮ್ಮ ಟೀಚರಿಗೆ ಹೇಳು."

ಮೀಸೆ ತೀಡುತ್ತಿದ್ದ ಕೈ ಅಲ್ಲೇ ನಿಂತಿತು. ಐವತ್ತರ ಹತ್ತಿರದ ನಮ್ಮ ಯಜಮಾನರು ಕಿವಿ ಕೆಂಪಗೆ ಮಾಡಿಕೊಂಡು ಹಾಲು ತರಲು ಹೊರಟರು. ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲಿತ್ತು.

ಮುಂದಿನ ಶನಿವಾರ ಟೀಚರ್ ಮತ್ತೆ ನನ್ನನ್ನೇ ಎಬ್ಬಿಸಿದರು. "ಮೋಂ ಮರಿ" ಎಂದೆ. ನನ್ನ ಗಂಡ. ಕನ್ನಡದಲ್ಲಿ ಹೀಗೆ ನಾಲ್ಕು ಜನರೆದುರು ನಾನು ಅಂದವಳೇ ಅಲ್ಲ. ಯಾರದೋ ಕೈಯಿಂದ ಕಿತ್ತುಕೊಂಡ ಹಾಗನ್ನಿಸಿತು; ಖುಷಿಯೂ ಆಯಿತು. ಸೆರಗು ಸರಿಮಾಡಿಕೊಂಡು ಕೂತೆ.

ಮಗಳು ಬಗ್ಗಿ ನನ್ನ ಬಿಸಿಯೇರಿದ ಕೆನ್ನೆ ನೋಡಿ ಪಿಸುಗುಟ್ಟಿದಳು: "ಅಮ್ಮಾ, ನೀ ಬ್ಲಶ್ ಪಣ್ಣರೆ!"