ಎರಡು ತಾರೀಖಿನ ನೋಟೀಸು

ಮೊನ್ನೆ ಬಸವಕಲ್ಯಾಣದ ನಮ್ಮ ಗಲ್ಲಿಯ ಗೋಡೆಗೆ ಯಾರೋ ಹೊಸ ಪೋಸ್ಟರ್ ಅಂಟಿಸಿ ಹೋಗಿದ್ದರು. ಹಾಲು ತರಲು ಹೊರಟವನು ಅಲ್ಲೇ ನಿಂತುಬಿಟ್ಟೆ. ಮೈದಾ ಕುದಿಸಿ, ಚೂರು ಮೈಲುತುತ್ತ ಬೆರೆಸಿದ ಅಂಟಿನ ವಾಸನೆ... ಪೋಸ್ಟರಿನಲ್ಲಿ ಏನಿತ್ತೆಂದು ನೋಡಲೇ ಇಲ್ಲ. ಮೂಗು ಆಗಲೇ ಹುಮನಾಬಾದಿಗೆ, ಇಪ್ಪತ್ತೈದು ವರ್ಷ ಹಿಂದಿನ ಒಂದು ಮಧ್ಯಾಹ್ನಕ್ಕೆ ಹೊರಟುಹೋಗಿತ್ತು.

ಆಗ ನಾನು ಅಲ್ಲೊಂದು ಖೋಲಿ ಬಾಡಿಗೆಗೆ ಹಿಡಿದು ಸರಕಾರಿ ನೌಕರಿಯ ಆರ್ಡರಿಗಾಗಿ ಕಾಯುತ್ತಿದ್ದೆ. ಪಟ್ಟಿಯಲ್ಲಿ ಹೆಸರು ಬಂದಿತ್ತು, ಪೊಲೀಸರ ವೆರಿಫಿಕೇಶನ್ ಒಂದು ಬಾಕಿ. ಆ ದಿನಗಳಲ್ಲಿ ದೀಪವಿಲ್ಲವೆಂದು ಪೊಲೀಸರು ಹಿಡಿದಾರೆಂಬ ಅಂಜಿಕೆಗೆ ನಾನು ಹಗಲಲ್ಲೂ ಡೈನಮೋ ದೀಪ ಹಚ್ಚಿಕೊಂಡು ಸೈಕಲ್ ಹೊಡೆಯುತ್ತಿದ್ದೆ. ಖಾಕಿ ಬಣ್ಣದ ಬಟ್ಟೆ ಒಣಹಾಕಿದ್ದು ಕಂಡರೂ ಮಾಡದ ತಪ್ಪುಗಳೆಲ್ಲ ಸಾಲಾಗಿ ನೆನಪಾಗುತ್ತಿದ್ದವು.

ಪಕ್ಕದ ಮನೆಯಲ್ಲಿದ್ದವರು ನೋಟೀಸಿನ ಕಾಕಾ. ಒಂದು ಸರಕಾರಿ ಕಚೇರಿಯ ಜವಾನರು. ನೋಟೀಸು ಒಯ್ದು ಮನೆಬಾಗಿಲಿಗೆ ಅಂಟಿಸುವುದು ಅವರ ಕೆಲಸ; ಅಂಟಿಸಿದ್ದನ್ನು ನೋಡಿದ್ದೇನೆಂದು ಪಂಚನೊಬ್ಬ ಕೆಳಗೆ ಸಹಿ ಹಾಕಬೇಕು. ಕಾಕಾನ ಕೈಯಲ್ಲಿ ಅಂಟಿನ ಡಬ್ಬಿ ಕಂಡರೆ ಓಣಿಯ ಗಂಡಸರೆಲ್ಲ ಮಾಯ. ಉಳಿಯುತ್ತಿದ್ದವನು ನಾನೊಬ್ಬನೇ. ಸರಕಾರಿ ಮುದ್ರೆಯಿರುವ ಯಾವ ಕಾಗದಕ್ಕೂ ಇಲ್ಲವೆನ್ನುವ ಧೈರ್ಯ ನನಗಿರಲಿಲ್ಲ.

ಅವರದೊಂದು ರೀತಿಯಿತ್ತು. ಹೋದ ಮನೆಯ ಕಟ್ಟೆಯ ಮೇಲೆ ಕೂತು ಮೊದಲು ನೀರು ಕೇಳುತ್ತಿದ್ದರು. ಕುಡಿದಾದ ಮೇಲೆ ನೋಟೀಸನ್ನು ಎರಡು ಸಲ, ಅವರವರ ಮಾತಿಗೆ ತಿರುಗಿಸಿ ಓದುತ್ತಿದ್ದರು. ಅಂಟು ಆಮೇಲೆ.

"ಕಾಕಾ, ನೋಟೀಸ್ ಹಚ್ಚಾಕ ಬಂದೀರೋ, ಬೀಗರ ಮನಿಗಿ ಬಂದೀರೋ?" ಎಂದು ಮಂದಿ ಚಾಷ್ಟಿ ಮಾಡುತ್ತಿದ್ದರು.

ಹಚ್ಚಿ ಹೋದರಾಯಿತು, ಓದುವುದು ಯಾಕೆಂದು ನಾನೊಮ್ಮೆ ಕೇಳಿದ್ದೆ.

"ನಿಜಾಮನ ಕಾಲ್ದಾಗ ನಮ್ಮಪ್ಪ ಇದೇ ನೌಕರಿ ಮಾಡ್ಯಾನ ತಮ್ಮಾ. ಹುಕುಂ ಉರ್ದುದಾಗ ಬರ್ತಿತ್ತು. ಏನ್ ಬರದದಂತ ಮಂದಿಗೂ ಗೊತ್ತಿಲ್ಲ, ಅಪ್ಪಗೂ ಗೊತ್ತಿಲ್ಲ. ಬರೇ ಬಗ್ಗಾದು. ಈಗ ಸರಕಾರ ನಮ್ದೇ ಅಂತಾರ. ನಮ್ದಾದ್ರ ಹೇಳಿ ಮಾಡ್ಬೇಕಲ್ಲ? ಹೇಳ್ದೇ ಮಾಡಿದ್ರ ಅದು ಧಮಕಿ."

ಬಸವಕಲ್ಯಾಣದ ಕಡೆಯ ರಸ್ತೆಯ ಬದಿಯಲ್ಲಿ ಕಡಲೆ ಹುರಿದು ಪುಟಾಣಿ ಮಾಡುವ ಆಯಿಯೊಬ್ಬಳಿದ್ದಳು. ಮನೆ, ಭಟ್ಟಿ ಎರಡೂ ಒಂದೇ ತಗಡಿನ ಕೆಳಗೆ. ರಸ್ತೆ ಅಗಲ ಮಾಡುವುದಕ್ಕೆ ಆ ಜಾಗ ಬೇಕಾಗಿತ್ತು. ನೋಟೀಸು ಮುಟ್ಟಿದ ದಿನದಿಂದ ತಕರಾರಿಗೆ ಹದಿನೈದು ದಿನದ ಅವಕಾಶ. ಆಯಿಯ ಹತ್ತಿರ ಗಂಡನ ಕಾಲದ ಜಾಗದ ಕಾಗದವಿತ್ತು. ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿ.

ಆ ಮಧ್ಯಾಹ್ನ ಪಂಚನಾಗಿ ಹೋದವನು ನಾನೇ; ನಮ್ಮ ಹಿಂದೆ ಕಚೇರಿಯ ಜೀಪೂ ಬಂದಿತ್ತು. ಒಳಗೆ ಸಾಹೇಬರು. ಭಟ್ಟಿಯ ಬಿಸಿಗೆ ಎದುರಿನ ರಸ್ತೆ ನೀರಿನಂತೆ ನಡುಗುತ್ತಿದ್ದದ್ದು ನೆನಪಿದೆ... ಕಾಕಾ ಎಂದಿನಂತೆ ನೀರು ಕುಡಿದರು. ಆಯಿ ಜೊತೆಗೊಂದು ಹಿಡಿ ಬಿಸಿ ಪುಟಾಣಿ ಕೊಟ್ಟಳು. ಓದುತ್ತ ಓದುತ್ತ ಕಾಕಾ ನಿಂತರು.

"ಆಯಿ, ಇದ್ರಾಗಿನ ತಾರೀಖು ಹಳೇದದ. ಹದಿನೈದು ದಿನ ಮುಗದಾವ ಅಂತದ. ಖರೇ ಅಂದ್ರ ನಿನಗ ಮುಟ್ಟಿದ್ದು ಇವತ್ತ."

ಜೀಪಿನಿಂದ ಸಾಹೇಬರು, "ಕಥಿ ಸಾಕು. ನಾಳೆ ಮಶೀನ್ ಬರಾದದ, ಹಚ್ಚಿ ಬಾ" ಎಂದರು.

ಕಾಕಾ ಅಂಟಿಸಿದರು. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದರು. ಕೆಳಗೆ ತಮ್ಮ ಸಹಿ ಹಾಕಿ, ಅಂದಿನ ತಾರೀಖು ಬರೆದು ಪೆನ್ನು ನನ್ನ ಕೈಗಿತ್ತರು.

"ನೀ ಯಾವತ್ತು ನೋಡ್ದಿ, ಅದೇ ತಾರೀಖು ಹಾಕು ತಮ್ಮಾ."

ಸಾಹೇಬರು ಜೀಪಿನಿಂದ ಕತ್ತು ಹೊರಹಾಕಿ ನಕ್ಕರು. "ನಿಮ್ದು ವೆರಿಫಿಕೇಶನ್ ಇನ್ನೂ ಬಾಕಿ ಅದಂತಲ್ರಿ?"

ನನಗೆ ನೌಕರಿಯಾಗುತ್ತಿದೆಯೆಂದು ಕಚೇರಿಯಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದವರು ಕಾಕಾನೇ.

ಹಳೆಯ ತಾರೀಖು ಬರೆದೆ. ಅಷ್ಟು ಅಂಜುಬುರುಕ ನಾನು. ಆದರೂ ಅಂಕಿಗಳು ಎಂದಿಗಿಂತ ದುಂಡಗೆ ಬಂದವು.

"ಏನ್ ಬರದ್ಯೋ ಮಗಾ?" ಎಂದು ಆಯಿ ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಹೆಸರು, ಆಯಿ" ಎಂದೆ.

ಕಾಕಾ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ತಲೆಯೆತ್ತಲಿಲ್ಲ.

ಕಚೇರಿಗೆ ನನ್ನ ತಾರೀಖು ಸಾಕಾಯಿತು. ಮರುದಿನ ಕೆಡವುವ ಮಶೀನು ಬಂತು. ಆಯಿ ಟ್ರಂಕು ಹೊತ್ತು ನಿರ್ಣಾ ಎಂಬ ಊರಿನ ಮಗಳ ಮನೆಗೆ ಹೋದಳಂತೆ, ಆ ಕಾಗದ ಸಮೇತ. ತಪ್ಪು ತಾರೀಖು ಬರೆದರೆಂದು ಕಾಕಾನಿಗೆ ಮೆಮೊ ಸಿಕ್ಕಿತು. ನೋಟೀಸಿನ ಕೆಲಸ ಕಿತ್ತುಕೊಂಡು ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂಡಿಸಿದರು.

ಅವರು ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನಗೆ ಆರ್ಡರ್ ಬಂದ ದಿನ ಪೇಡೆ ತಿಂದು, "ಛಲೋ ಆತು" ಎಂದರು. ತಡೆಯಲಾರದೆ ನಾನೇ ಕೇಳಿದೆ: "ಸರಕಾರದ ಮಾತು ಹ್ಯಾಂಗ ಮೀರಾದ್ರಿ ಕಾಕಾ?"

ಅವರು ಪೇಡೆಯ ಕಾಗದ ಮಡಚಿ ಜೇಬಿಗಿಟ್ಟರು.

"ನಾ ಎಲ್ಲಿ ಮೀರ್ದೆ? ಹಚ್ಚು ಅಂದ್ರು, ಹಚ್ಚಿದೆ. ಕೆಡವ್ತೀವಿ ಅಂದ್ರ ಕೆಡವಲಿ, ಅದಕ್ಕ ಕೋರ್ಟ್ ಅದ, ಕಚೇರಿ ಅದ, ಆಕಿ ಹೋಗಿ ಜಗಳಾಡ್ತಿದ್ಳು. ಆದ್ರ ಇವತ್ತಿನ ದಿನಾನ ಇಲ್ಲ ಅನ್ನು ಅಂದ್ರ..." ಅಷ್ಟಕ್ಕೇ ನಿಲ್ಲಿಸಿದರು. "ಇರ್ಲಿ. ನಿಂಗ ನೌಕರಿ ಬೇಕಾಗಿತ್ತು."

ಕೊನೆಯ ಮಾತನ್ನು ಅವರು ಸಮಾಧಾನಕ್ಕೆಂದೇ ಹೇಳಿದ್ದು. ನಾನು ಅದನ್ನು ಬೈಗುಳವೆಂದೇ ಇಟ್ಟುಕೊಂಡಿದ್ದೇನೆ. ಅವರಿಂದ ನನಗೆ ಸಿಕ್ಕಿದ್ದು ಅದೊಂದೇ.

ಕಾಕಾ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ವರ್ಷ ಕಳೆದಿತ್ತು. ಈಗಲೂ ಕೆಲಸದ ಮೇಲೆ ಹುಮನಾಬಾದಿಗೆ ಹೋಗುತ್ತಿರುತ್ತೇನೆ. ರಸ್ತೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಬಸ್ಸು ಕುಲುಕುವುದೇ ಇಲ್ಲ, ಕಣ್ಣು ಮುಚ್ಚಿಬರುತ್ತದೆ. ಊರು ಹತ್ತಿರವಾದಾಗ ಎಚ್ಚರ ಮಾಡಿಕೊಂಡು ಕಿಟಕಿಗೆ ಮುಖವಿಡುತ್ತೇನೆ. ಆಯಿಯ ಮನೆ ಎಲ್ಲಿತ್ತೆಂದು ಹುಡುಕುತ್ತೇನೆ. ಒಮ್ಮೆ ಪೆಟ್ರೋಲ್ ಬಂಕಿನ ಹತ್ತಿರ ಅನ್ನಿಸುತ್ತದೆ, ಒಮ್ಮೆ ಇನ್ನೂ ಮುಂದೆ... ಆ ಮನೆಗೆ ಪಂಚನಾಗಿ ನಿಂತವನು ನಾನು. ಜಾಗ ಗುರುತು ಹಿಡಿಯಲಾಗುವುದಿಲ್ಲ. ಇಲ್ಲೇ ಎಂದು ಬೆರಳಿಟ್ಟು ತೋರಿಸಬಲ್ಲವರು ಕಾಕಾ ಒಬ್ಬರಿದ್ದರು.